ನೀರು ತಣ್ಣಗಾಯ್ತು

ಇವತ್ತು ಬೆಳಗ್ಗೆ ನ್ಯೂಯಾರ್ಕ್ ರಾಜ್ಯದ ಈಸ್ಟ್ ಬ್ರಾಂಚ್ ಡೆಲವೇರ್ ನದೀಲಿ ಥರ್ಮಾಮೀಟರ್ ಇಳಿಬಿಟ್ಟೆ, 48 ಡಿಗ್ರಿ ಫ್ಯಾರನ್‌ಹೀಟ್.
ಎಷ್ಟು ಖುಷಿ ಆಯ್ತು ಗೊತ್ತಾ!
ಬೇಸಿಗೇಲಿ ನೀರು 68 ದಾಟಿದ್ರೆ ಟ್ರೌಟ್ ಮೀನಿನ ತಂಟೆಗೇ ಹೋಗಲ್ಲ ಗಾಳ ಹಾಕೋ ನಾವು, ಬಿಸಿ ನೀರಲ್ಲಿ ಆಕ್ಸಿಜನ್ ಕಮ್ಮಿ, ಹಿಡಿದು ವಾಪಸ್ ಬಿಟ್ರೂ ಪಾಪ ಬದುಕೋದು ಕಷ್ಟ, ಆಗೆಲ್ಲ ಕೆಳಗಿನ ಹ್ಯಾನ್‌ಕಾಕ್ ಊರಿನ ಕಡೆ ಇಳಿದು ಸ್ಮಾಲ್‌ಮೌತ್ ಬಾಸ್ ಅನ್ನೋ ಮೀನು ಹಿಡಿಯೋದು, ತೇಲೋ ಫ್ಲೈ (ಹುಳದ ಥರ ಕಟ್ಟಿದ ಗಾಳ) ನೋಡಿದ್ರೆ ಸಾಕು, ನೀರು ಸಿಡಿಸ್ಕೊಂಡು ಮೇಲೆ ಬರತ್ತೆ ಅದು.
ಈಗ ಬಾಸ್ ಆಳದ ಮಡುಗಳಿಗೆ ಇಳಿದು ಮಂಕಾಗಿದೆ. ಬ್ರೌನ್ ಟ್ರೌಟ್‌ಗೆ ಮೊಟ್ಟೆ ಇಡೋ ಕಾಲ.

ಮೊಣಕಾಲುದ್ದ ನೀರಲ್ಲಿ, ಪಾಚಿ ಹಿಡಿದ ಕಂದು ಕಲ್ಲುಗಳ ಮಧ್ಯೆ ಒಂದ್ ಕಡೆ ಮಾತ್ರ ಜಲ್ಲಿ ಬೆಳ್ಳಗೆ, ಈಗಷ್ಟೇ ತಿಕ್ಕಿ ತೊಳೆದ ಪಾತ್ರೆ ಥರ. ಅದೇ ಗೂಡು. ಹೆಣ್ಣು ಮೀನು ಪಕ್ಕಕ್ಕೆ ಮಲಗಿ ಬಾಲ ಬಡಿದು ಬಡಿದು ಗುಂಡಿ ತೋಡಿ, ಮೊಟ್ಟೆ ಇಟ್ಟು, ಮೇಲೆ ಜಲ್ಲಿ ಮುಚ್ಚತ್ತೆ, ಇಡೀ ಚಳಿಗಾಲ ಆ ಕಲ್ಲುಗಳ ಸಂದೀಲಿ ತಣ್ಣೀರು ಹರೀತಾ ಇದ್ರೇನೇ ಮೊಟ್ಟೆ ಉಳಿಯೋದು.
ಅಲ್ಲಿ ಗಾಳ ಹಾಕ್ಲಿಲ್ಲ, ದಡ ಹತ್ತಿ ಸುತ್ತಿ ಹೋದೆ.
ಈ ತಿಂಗಳು ನೀರಿಗಿಳಿಯೋ ಫ್ರೆಂಡ್ಸ್, ಬೆಳ್ಳಗಿನ ಜಲ್ಲಿ ಕಂಡ್ರೆ ದಯವಿಟ್ಟು ಕಾಲಿಡಬೇಡಿ.