ಜೆಲ್ಲಿಫಿಶ್ ಕುಟುಕಿಗೆ ಅಡುಂಬು ಬಳ್ಳಿ ಮುಲಾಮು, ಆದರೆ ಕೊನೆಗೆ

ಥಾಯ್ಲೆಂಡಿನ ಕರಾವಳಿಯಲ್ಲಿ ಜೆಲ್ಲಿಫಿಶ್ ಕುಟುಕಿದ ಜಾಗಕ್ಕೆ ‘ಫಕ್ ಬುಂಗ್ ಥಲೇ’ ಎಲೆ ಜಜ್ಜಿ ಹಚ್ಚುವುದು ಹಳೆಯ ರೂಢಿ. ನಮ್ಮ ಕಡಲ ದಂಡೆಯ ಮರಳಲ್ಲಿ ಹಬ್ಬುವ ಅಡುಂಬು ಬಳ್ಳಿಯೂ ಅದೇ ಗಿಡ: ಆಡಿನ ಗೊರಸಿನಂತೆ ತುದಿ ಸೀಳಿದ ಎಲೆ, ನೇರಳೆ ಹೂ. ಎಲೆಯ ಸಾರ ಜೆಲ್ಲಿಫಿಶ್ ವಿಷದ ಪರಿಣಾಮ ತಗ್ಗಿಸುವುದನ್ನು 1991ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಲಾಯಿತು. ಅದಕ್ಕೂ ಮೊದಲೇ ಈ ಸಾರದ ಶೇ. 1ರ ಕ್ರೀಮನ್ನು ಅಲ್ಲಿ ರೋಗಿಗಳಿಗೆ ಹಚ್ಚಿ ನೋಡಿದ್ದರು.

ಹಾಗಂತ ನೀರಿನಿಂದ ಬಂದ ಕೂಡಲೇ ಮುಲಾಮು ತಿಕ್ಕಿದರೆ ಕೆಟ್ಟಿತು. ಚರ್ಮಕ್ಕೆ ಅಂಟಿದ ಎಳೆಗಳಲ್ಲಿ ಇನ್ನೂ ಸಿಡಿಯದ ವಿಷಕೋಶಗಳಿರುತ್ತವೆ. ತಿಕ್ಕಿದರೂ ಸಿಹಿನೀರು ಸುರಿದರೂ ಸಿಡಿಯುತ್ತವೆ. ಪೆಟ್ಟಿಗೆಯಾಕಾರದ, ಕಡು ವಿಷದ ಬಾಕ್ಸ್ ಜೆಲ್ಲಿಫಿಶ್ ಆದರೆ ಅಡುಗೆಯ ವಿನಿಗರ್ ಕನಿಷ್ಠ 30 ಸೆಕೆಂಡು ಸುರಿಯಬೇಕು. ಥಾಯ್ಲೆಂಡಿನ ಹಲವು ಬೀಚ್‌ಗಳಲ್ಲಿ ವಿನಿಗರ್ ಬಾಟಲಿ ಇಟ್ಟಿರುವುದು ಇದಕ್ಕೇ. ನೀಲಿ ಬಲೂನಿನ ಬ್ಲೂ ಬಾಟಲ್‌ಗೆ ವಿನಿಗರ್ ಸರಿಯೇ ಎಂಬುದರಲ್ಲಿ ತಜ್ಞರಿಗೇ ಒಮ್ಮತವಿಲ್ಲ; ಸಮುದ್ರದ ನೀರಲ್ಲೇ ತೊಳೆಯಿರಿ. ಉಳಿದ ಎಳೆಗಳನ್ನು ಚಿಮಟದಿಂದ ಎತ್ತಿ, ಸುಮಾರು 45 ಡಿಗ್ರಿ ಸೆಲ್ಸಿಯಸ್ ಬಿಸಿನೀರಲ್ಲಿ 20 ನಿಮಿಷ ಅದ್ದಿ. ಶಾಖ ಮೊದಲು ಕುಟುಕದ ಕೈಗೆ ತಾಗಿಸಿ ನೋಡಿ, ನೋವಿನ ಕೈಗೆ ಸುಡುವುದು ತಿಳಿಯುವುದಿಲ್ಲ. ಮೂತ್ರ, ಸ್ಪಿರಿಟ್ ಬೇಡವೇ ಬೇಡ.

ಮುಲಾಮಿನ ಸರದಿ ಈಗ, ಉಳಿದ ಉರಿ, ತುರಿಕೆ, ಬಾಸುಂಡೆಗೆ. 50 ಗ್ರಾಂ ಎಲೆಯನ್ನು ಮರಳು ಹೋಗುವಂತೆ ತೊಳೆದು, ನೆರಳಲ್ಲಿ ಒಂದು ದಿನ ಬಾಡಿಸಿ. ಹಸಿ ಇದ್ದರೆ ನೀರಂಶ ಉಳಿದು ಮುಲಾಮಿಗೆ ಬೂಸಲು ಹಿಡಿಯುತ್ತದೆ. ಕತ್ತರಿಸಿ 200 ಮಿಲಿ ಕೊಬ್ಬರಿ ಎಣ್ಣೆಗೆ ಹಾಕಿ, ಪಾತ್ರೆಯನ್ನು ಬಿಸಿನೀರಿನೊಳಗಿಟ್ಟು 2 ಗಂಟೆ ಹದವಾಗಿ ಕಾಯಿಸಿ. ನೇರ ಬೆಂಕಿಯಲ್ಲಿ ಕುದಿಸಿದರೆ ಆವಿಯಾಗುವ ಅಂಶಗಳು ಹಾರಿಹೋಗುತ್ತವೆ. ಸೋಸಿದ 100 ಮಿಲಿ ಎಣ್ಣೆಗೆ 20 ಗ್ರಾಂ ಜೇನುಮೇಣ ಕರಗಿಸಿ. ಕಡಿಮೆಯಾದರೆ ಕರಾವಳಿಯ ಬಿಸಿಲಿಗೆ ಡಬ್ಬಿಯಲ್ಲೇ ನೀರಾಗುತ್ತದೆ. ಪ್ರಯೋಗಗಳಲ್ಲಿ ಬಳಸಿದ್ದು ದ್ರಾವಕದಿಂದ ತೆಗೆದ ಸಾರ, ಮನೆಯ ಎಣ್ಣೆಯಿಂದ ಅಷ್ಟೇ ಪರಿಣಾಮ ಬಯಸಬೇಡಿ.

ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ, ಬಳ್ಳಿಯ ಹಾಲು ಕೆಲವರಿಗೆ ಆಗಿಬರುವುದಿಲ್ಲ. ದಿನಕ್ಕೆ ಎರಡು-ಮೂರು ಸಲ, ತೆಳುವಾಗಿ, ತಿಕ್ಕದೆ. ಗುಳ್ಳೆ ಒಡೆದಲ್ಲಿ, ಕಣ್ಣಿನ ಬಳಿ ಬೇಡ. ವಾರ-ಎರಡು ವಾರದ ಮೇಲೆ ಅದೇ ಜಾಗ ಮತ್ತೆ ಕೆಂಪಗೆ ತುರಿಸಿದರೆ ಅದು ಅಲರ್ಜಿ, ವೈದ್ಯರು ಕೊಡುವ ಸ್ಟಿರಾಯ್ಡ್ ಕ್ರೀಮೇ ಬೇಕಾದೀತು. ಉಸಿರಾಟದ ತೊಂದರೆ, ಎದೆನೋವು, ವಾಂತಿ ಇದ್ದರೆ ಮುಲಾಮು ಬದಿಗಿಟ್ಟು 108ಕ್ಕೆ ಕರೆ ಮಾಡಿ.