ಮೆಟ್ಟಿಲಿಳಿದ ಗಾಳಿ: ಮೂರನೇ ವಾರ

ಸುರಂಗದಲ್ಲಿ ಓಡಿಬರುವ ಗಾಳಿ ನೆಲದ ಮೇಲಿನ ಒಂದು ಮೆಟ್ಟಿಲು ಇಳಿಯುವಾಗ ಗೋಡೆ ಬಿಡುತ್ತದೆ, ಹಿಂದೆ ಸುಳಿ ಕಟ್ಟುತ್ತದೆ, ಮುಂದೆಲ್ಲೋ ಮತ್ತೆ ನೆಲ ಮುಟ್ಟುತ್ತದೆ. ಎಷ್ಟು ದೂರದಲ್ಲಿ? 1985ರಲ್ಲಿ ಡ್ರೈವರ್ ಮತ್ತು ಸೀಗ್‌ಮಿಲ್ಲರ್ ಅಳೆದದ್ದು ಮೆಟ್ಟಿಲಿನ ಎತ್ತರದ 6.26 ಪಟ್ಟು. ಅದನ್ನೇ ಕಂಪ್ಯೂಟರ್ ಲೆಕ್ಕದಲ್ಲಿ ಪಡೆಯಲು ನೋಡುತ್ತಿದ್ದೇನೆ. ಹೋದ ವಾರ ಕೆ-ಎಪ್ಸಿಲಾನ್ ಎಂಬ, ಗಾಳಿಯ ಪ್ರಕ್ಷುಬ್ಧತೆಯನ್ನು ಅಂದಾಜಿಸುವ ಮಾದರಿ ನನಗೆ ಕೊಟ್ಟದ್ದು 5.2. ಈ ಮಾದರಿ ಸುಳಿಯನ್ನು ಗಿಡ್ಡ ಮಾಡುತ್ತದೆ ಅನ್ನುವುದು ಹಳೇ ದೂರು, ಆಶ್ಚರ್ಯವಾಗಲಿಲ್ಲ.

ಈ ವಾರ ಮೆಂಟರ್ ಅವರ ಎಸ್‌ಎಸ್‌ಟಿ ಎಂಬ ಇನ್ನೊಂದು ಮಾದರಿಗೆ ಹೊರಳಿದೆ. ವಾಲ್ ಫಂಕ್ಷನ್ (ಗೋಡೆಯ ಪಕ್ಕದ ಹರಿವನ್ನು ಸೂತ್ರದಿಂದ ತುಂಬುವ ಉಪಾಯ) ನಂಬಿಕೊಂಡು ವೈ ಪ್ಲಸ್ (ಗೋಡೆಯಿಂದ ಮೊದಲ ಕೋಶಕ್ಕಿರುವ ದೂರದ ಅಳತೆ) ಅನ್ನು 40ಕ್ಕೆ ಬಿಟ್ಟಿದ್ದ ಹಳೇ ಮೆಶ್, ಅಂದರೆ ಲೆಕ್ಕದ ಕೋಶಗಳ ಬಲೆ, ಕಿತ್ತುಹಾಕಿ, ಗೋಡೆಯ ಮೊದಲ ಕೋಶ 1ರ ಆಸುಪಾಸಿಗೆ ಬರುವಂತೆ ಹೊಸದು ಹೆಣೆದೆ. ಹರಿವಿನ ಲೆಕ್ಕ ಹಾಕುವ ಓಪನ್‌ಫೋಮ್ ತಂತ್ರಾಂಶ ರಾತ್ರಿಯಿಡೀ ಓಡಿತು. ರೆಸಿಡ್ಯುಯಲ್‌ಗಳು (ಲೆಕ್ಕದಲ್ಲಿ ಉಳಿದ ತಪ್ಪಿನ ಅಳತೆ) ಚೆಂದವಾಗಿ ಇಳಿದಿದ್ದವು. ಗಾಳಿ ನೆಲ ಮುಟ್ಟುವ ಜಾಗ ಹುಡುಕುವ ನನ್ನ ಸ್ಕ್ರಿಪ್ಟ್ ಹೇಳಿದ ಉತ್ತರ ಮಾತ್ರ 1.1!

ಅರ್ಧ ದಿನ ಮೆಶ್ ಅನ್ನೇ ಬೈದೆ. ತಪ್ಪು ನನ್ನದೇ. ನೆಲದ ಬಳಿ ಗಾಳಿಯ ದಿಕ್ಕು ತಿರುಗುವಲ್ಲಿ ಗೋಡೆಯ ಘರ್ಷಣೆಯ ಚಿಹ್ನೆ (ಪ್ಲಸ್, ಮೈನಸ್) ಬದಲಾಗುತ್ತದೆ; ಅಂಥ ಮೊದಲ ಜಾಗವನ್ನು ಸ್ಕ್ರಿಪ್ಟ್ ಹಿಡಿಯುತ್ತಿತ್ತು. ಮೆಟ್ಟಿಲಿನ ಮೂಲೆಯಲ್ಲಿ ದೊಡ್ಡ ಸುಳಿಗೆ ಉಲ್ಟಾ ತಿರುಗುವ ಒಂದು ಮರಿಸುಳಿ ಇರುತ್ತದೆ. ಅದು ಮುಗಿಯುವಲ್ಲೂ ಚಿಹ್ನೆ ಬದಲಾಗುತ್ತದೆ. ಒರಟು ಮೆಶ್‌ನಲ್ಲಿ ಅದು ಕಂಡೇ ಇರಲಿಲ್ಲ. (ಓಪನ್‌ಫೋಮ್ ಈ ಘರ್ಷಣೆಯನ್ನು ಹರಿವಿನ ವಿರುದ್ಧ ದಿಕ್ಕಿನ ಚಿಹ್ನೆಯಲ್ಲಿ ಬರೆಯುತ್ತದೆ. ಅದೊಂದು ಬೇರೆ ತಲೆನೋವು.) ಚಿಹ್ನೆ ಕೊನೆಯ ಸಲ ಬದಲಾಗುವ ಜಾಗವನ್ನು ಹಿಡಿಯುವಂತೆ ತಿದ್ದಿದಾಗ ಬಂತು 6.3.

ಕುಣಿದಾಡುವುದೊಂದು ಬಾಕಿ. ಆಮೇಲೆ ಗಾಳಿ ಮೆಟ್ಟಿಲು ತಲುಪುವುದಕ್ಕೆ ನಾಲ್ಕು ಎತ್ತರದಷ್ಟು ಮುಂಚಿನ ವೇಗದ ಗ್ರಾಫ್ ಬಿಡಿಸಿ ನೋಡಿದೆ. ಪ್ರಯೋಗದಲ್ಲಿ ಅಲ್ಲಿನ ಗಡಿಪದರದ (ಗೋಡೆಗೆ ತಾಗಿ ನಿಧಾನವಾಗುವ ಗಾಳಿಯ ಪದರ) ದಪ್ಪ ಎತ್ತರದ 1.5 ಪಟ್ಟು, ನನ್ನದು ಕಾಲು ಪಟ್ಟೂ ಇಲ್ಲ. ಒಳದಾರಿಯನ್ನು, ಅಂದರೆ ಮೆಟ್ಟಿಲಿಗೆ ಮುಂಚಿನ ಸುರಂಗವನ್ನು, ಬರೀ 10 ಎತ್ತರ ಉದ್ದ ಇಟ್ಟರೆ ಪದರ ಬೆಳೆಯುವುದಾದರೂ ಎಲ್ಲಿ? ಜೊತೆಗೆ ಎಸ್‌ಎಸ್‌ಟಿ ಲೆಕ್ಕ ಹಾಕುವ ಪ್ರಕ್ಷುಬ್ಧತೆಯ ಎರಡು ಅಳತೆಗಳಾದ ಕೆ ಮತ್ತು ಒಮೆಗಾ ಎರಡೂ ಮೊದಲ ದರ್ಜೆಯ ಅಪ್‌ವಿಂಡ್ ಎಂಬ ಒರಟು ಲೆಕ್ಕದ ವಿಧಾನದಲ್ಲೇ ಉಳಿದಿದ್ದವು. ಅಂದರೆ 6.3 ಬಂದದ್ದು ಬೇರೆಯೇ ಹರಿವಿಗೆ.

ಒಳದಾರಿಯನ್ನು 110 ಎತ್ತರಕ್ಕೆ ಎಳೆದೆ, ಆ ಲೆಕ್ಕದ ವಿಧಾನಗಳನ್ನು ಹೆಚ್ಚು ನಿಖರವಾದ ಎರಡನೇ ದರ್ಜೆಗೆ ಏರಿಸಿದೆ. ಈಗ 6.5. ಪ್ರಯೋಗದಿಂದ ಇನ್ನಷ್ಟು ದೂರ ಸರಿದರೂ ಲಾಗ್‌ನಲ್ಲಿ ಇದನ್ನೇ ಬರೆದುಕೊಂಡಿದ್ದೇನೆ, ಏಕೆಂದರೆ ಮೆಟ್ಟಿಲಿಗೆ ಮುಂಚಿನ ವೇಗ ಈಗ ಪ್ರಯೋಗಕ್ಕೆ ಹೊಂದುತ್ತಿದೆ. ಎರಡೂ ದಿಕ್ಕಿನಲ್ಲಿ ಕೋಶಗಳನ್ನು ಇಮ್ಮಡಿ ಮಾಡಿದ ಮೆಶ್ ಸಂಜೆಯಿಂದ ಓಡುತ್ತಿದೆ. ಫ್ಯಾನ್ ಸದ್ದಿಗೆ ನಿದ್ದೆ ಬರುವುದು ಅನುಮಾನ.