ಕೋಚ್ ಇಲ್ಲದ ದಿನಗಳು

ಮ್ಯಾಗಜೀನ್‌ಗೆ ಏನಾದರೂ ಬರೆದುಕೊಡಿ ಎಂದು ಫೋನ್ ಬಂದಾಗ ಮೊದಲು ನೆನಪಾದದ್ದು ನಮ್ಮ ಕಾಲೇಜಿನ ಫುಟ್‌ಬಾಲ್ ಮೈದಾನ. ಫೈನಲ್ ಇಯರ್‌ನಲ್ಲಿ ಪಿ.ಟಿ. ಸರ್ ಆಪರೇಷನ್ ಮಾಡಿಸಿಕೊಂಡು ಎರಡು ತಿಂಗಳು ರಜೆಯಲ್ಲಿದ್ದರು. ಬೆಳಿಗ್ಗೆ ಆರಕ್ಕೆ ಹುಡುಗರನ್ನು ಓಡಿಸಿದ್ದು, ಟೀಮ್ ಆರಿಸಿದ್ದು ನಾವು ಮೂವರು ಸೀನಿಯರ್‌ಗಳು. ಒಂದು ಮ್ಯಾಚ್‌ಗೆ ನನ್ನ ರೂಮ್‌ಮೇಟ್‌ನನ್ನೇ ಕೈಬಿಡಬೇಕಾಯಿತು. ಅವತ್ತು ರಾತ್ರಿ ಅವನು ಊಟಕ್ಕೆ ಬರಲಿಲ್ಲ.

2016ರಲ್ಲಿ ಎಂ.ಎಸ್. ಓದಲು ಅಮೆರಿಕದ ಲೂಯಿವಿಲ್‌ಗೆ ಹೋದೆ. ಅದೇ ವರ್ಷ ಫುಟ್‌ಬಾಲ್ ಆಟಗಾರ ಪಾವೊಲೊ ಡೆಲ್‌ಪಿಕೊಲೊ ಕೂಡ ಆ ಊರಿಗೆ ವಾಪಸ್ ಬಂದಿದ್ದರು, ಲೂಯಿವಿಲ್ ಸಿಟಿ ಕ್ಲಬ್‌ಗೆ ಆಡಲು. ಅವರೂ ನಮ್ಮ ಲೂಯಿವಿಲ್ ಯೂನಿವರ್ಸಿಟಿಯ ಹಳೆಯ ವಿದ್ಯಾರ್ಥಿಯೇ. 2010ರಲ್ಲಿ ಯೂನಿವರ್ಸಿಟಿ ತಂಡ ರಾಷ್ಟ್ರೀಯ ಫೈನಲ್ ತಲುಪಿ ಆಕ್ರನ್ ಯೂನಿವರ್ಸಿಟಿ ವಿರುದ್ಧ 1–0ಯಿಂದ ಸೋತಾಗ ಆ ತಂಡದಲ್ಲಿದ್ದವರು. ಆಮೇಲೆ ಜರ್ಮನಿಯ ಫ್ರಾಂಕ್‌ಫರ್ಟ್‌ಗೂ ಹೋಗಿದ್ದರು.

ಅಲ್ಲಿನ ಲೀಗ್‌ಗಳಲ್ಲಿ ಗೆದ್ದವರಿಗೆ ಮೇಲಿನ ದರ್ಜೆಗೆ ಬಡ್ತಿ ಇಲ್ಲ. ಲೂಯಿವಿಲ್ 2017ರಲ್ಲಿ ಕಪ್ ಗೆದ್ದರೂ ಮರುವರ್ಷ ಅದೇ ಎರಡನೇ ದರ್ಜೆಯ ಲೀಗ್ ಯುಎಸ್‌ಎಲ್, ಅದೇ ಬೇಸ್‌ಬಾಲ್ ಸ್ಟೇಡಿಯಂ. ಆದರೂ ಡೆಲ್‌ಪಿಕೊಲೊ ಓಡುವುದು ಒಂದಿಷ್ಟೂ ಕಮ್ಮಿಯಾಗಲಿಲ್ಲ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದೇ ಅದಕ್ಕೆ.

2018ರ ಸೀಸನ್ ಮಧ್ಯದಲ್ಲಿ ಕೋಚ್ ಜೇಮ್ಸ್ ಓಕಾನರ್ ಮೇಲಿನ ಲೀಗ್‌ನ ಒರ್ಲ್ಯಾಂಡೊಗೆ ಹೊರಟರು. ಹೊಸ ಕೋಚ್ ಬರುವ ತನಕ ತಂಡ ನೋಡಿಕೊಂಡವರು ಮೂವರು ಆಟಗಾರರು: ಡೆಲ್‌ಪಿಕೊಲೊ, ಲ್ಯೂಕ್ ಸ್ಪೆನ್ಸರ್, ಜಾರ್ಜ್ ಡೇವಿಸ್. ಸುದ್ದಿ ಓದಿ ಲೈಬ್ರರಿಯಲ್ಲಿ ಎದ್ದು ನಿಂತುಬಿಟ್ಟೆ. ಮೂವರು! ನಮ್ಮ ಹಾಗೇ ಅಲ್ವಾ! ಜೊತೆಗೆ ಆಡುವವರನ್ನೇ ಬೆಂಚ್ ಮೇಲೆ ಕೂರಿಸುವ ಕೆಲಸ ಎಷ್ಟು ಕಷ್ಟ ಅಂತ ನನಗೆ ಗೊತ್ತಿತ್ತು.

ನವೆಂಬರ್ 8ರಂದು ಲೂಯಿವಿಲ್‌ನಲ್ಲೇ ಫೈನಲ್. ಎದುರಿಗೆ ಫೀನಿಕ್ಸ್ ರೈಸಿಂಗ್, ಅವರ ಜೊತೆ ಹಿಂದೆ ಇಂಗ್ಲೆಂಡಿನ ಚೆಲ್ಸಿ ಕ್ಲಬ್‌ನಲ್ಲಿ ಆಡಿದ್ದ ಡಿಡಿಯರ್ ಡ್ರೋಗ್ಬಾ. ಅದು ಡ್ರೋಗ್ಬಾ ಆಡಿದ ಕೊನೆಯ ಮ್ಯಾಚ್ ಆಯಿತು. ಇಡೀ ಮ್ಯಾಚ್‌ಗೆ ಒಂದೇ ಗೋಲು, ಅದು ಸ್ಪೆನ್ಸರ್‌ದು. ಸತತ ಎರಡನೇ ಕಪ್. ಗಂಟಲು ಬಿದ್ದುಹೋಗುವಷ್ಟು ಕೂಗಿದೆ. ಡೆಲ್‌ಪಿಕೊಲೊ ಆಮೇಲೂ ವರ್ಷಗಟ್ಟಲೆ ಅದೇ ಕ್ಲಬ್‌ನಲ್ಲೇ ಕ್ಯಾಪ್ಟನ್ ಆಗಿ ಆಡಿದರು.

ರೂಮಿಗೆ ಬಂದವನೇ ಪಿ.ಟಿ. ಸರ್‌ಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ. ಎಲ್ಲ ಕೇಳಿಸಿಕೊಂಡು ಸರ್ ಕೇಳಿದ್ದು ಒಂದೇ. “ಕೈಬಿಟ್ಟ ಹುಡುಗರು ಆಮೇಲೆ ಇವರನ್ನ ಮಾತಾಡಿಸಿದ್ರೇನಪ್ಪಾ?”

“ನಮ್ಮವನು ಮಾತಾಡಿಸಿದ್ದ ಸರ್,” ಅಂದೆ.